ತಡೆದು ಬೀಳುವ ಪೆಟ್ಟು

ಕೋಳಿ ಕೂಗುವ ಮುಂಚೆ ಅಡಿವೆವ್ವ ಏಳಬೇಕು. ಎದ್ದವಳು ಮೊದಲು ಒಲೆಯ ಬೂದಿ ಕೆದಕಿ, ಸಂಜೆ ಮುಚ್ಚಿಟ್ಟ ಕೆಂಡಕ್ಕೆ ಇನ್ನೂ ಜೀವವಿದೆಯೇ ನೋಡಬೇಕು. ಕುಳ್ಳಿನ ಚೂರು ಇಟ್ಟು ಊದಿ ಉರಿ ಎಬ್ಬಿಸಬೇಕು. ಕೊಟ್ಟಿಗೆಯ ಸೆಗಣಿ ಬಾಚಿ ತಿಪ್ಪೆಗೆ ಹಾಕಿ, ಎಮ್ಮೆಗೆ ಹುಲ್ಲು ಇಟ್ಟು ಹಾಲು ಹಿಂಡಬೇಕು. ಕುರಿಹಟ್ಟಿ ಗುಡಿಸಿ ಹಿಕ್ಕೆಯನ್ನು ಬುಟ್ಟಿಗೆ ತುಂಬಬೇಕು. ಬಾವಿಯಿಂದ ನೀರು ತರಬೇಕು, ಅದು ಒಂದು ಕೊಡಕ್ಕೆ ಮುಗಿಯುವುದಲ್ಲ. ಒಂದು ದಿನ ಜೋಳ ಬೀಸಿದರೆ ಮರುದಿನ ಭತ್ತ ಕುಟ್ಟಬೇಕು. ರೊಟ್ಟಿ ಮಾತ್ರ ದಿನವೂ ಬಡಿಯಬೇಕು.

ಇಷ್ಟು ಕೆಲಸ ಆ ಓಣಿಯ ಹೆಂಗಸರಿಗೆಲ್ಲ ಇತ್ತು. ಅಡಿವೆವ್ವನಿಗೆ ಇನ್ನೂ ಎರಡು ಹೆಚ್ಚಿಗೆ ಇದ್ದವು. ಗೋಡೆಯ ಗೂಟದಿಂದ ಡೊಳ್ಳು ಇಳಿಸಿ, ತಂಡಿಗೆ ಸಡಿಲಾದ ಅದರ ಚರ್ಮವನ್ನು ಕೆಂಡದ ಶಾಖಕ್ಕೆ ಹಿಡಿದು ಬಿಗಿ ಮಾಡಬೇಕು. ಶಾಖ ಕಡಿಮೆಯಾದರೆ ಡೊಳ್ಳು ಮೂಕ, ಹೆಚ್ಚಾದರೆ ಚರ್ಮ ಸುಡುತ್ತದೆ. ಅದಕ್ಕಾಗಿ ಅವಳು ಕೆಂಡಕ್ಕೂ ಚರ್ಮಕ್ಕೂ ನಡುವೆ ತನ್ನ ಎಡ ಅಂಗೈ ಇಟ್ಟುಕೊಳ್ಳುತ್ತಿದ್ದಳು. ಅಂಗೈ ತಾಳಿದಷ್ಟೇ ಬಿಸಿ ಡೊಳ್ಳಿಗೆ. ಆ ಅಂಗೈಯಲ್ಲಿ ಗೆರೆಗಳೇ ಉಳಿದಿರಲಿಲ್ಲ. ಎರಡನೆಯ ಕೆಲಸವೆಂದರೆ, ಬೆಳಕು ಹರಿಯುವುದರೊಳಗೆ ತನ್ನ ಬೆನ್ನಿಗೆ ಕೈ ಎಟುಕಿದಷ್ಟು ಅರಿಷಿಣ ಎಣ್ಣೆ ಹಚ್ಚಿಕೊಂಡು, ಕುಪ್ಪಸದ ಹೊರಗೆ ಏನೂ ಕಾಣದ ಹಾಗೆ ಸೆರಗು ಹೊದ್ದುಕೊಳ್ಳುವುದು.

ಹೆಂಗಸರು ಡೊಳ್ಳನ್ನು ಹೊರಬಹುದಿತ್ತು, ಒರೆಸಬಹುದಿತ್ತು, ಕಾಯಿಸಬಹುದಿತ್ತು. ಬಾರಿಸುವಂತಿರಲಿಲ್ಲ. ಬಾರಿಸಿದರೆ ಬೀರದೇವರಿಗೆ ಮೈಲಿಗೆ ಎಂದು ಹಿರಿಯರು ಹೇಳುತ್ತಿದ್ದರು. ಕಾಯಿಸಿದರೆ ಯಾಕೆ ಮೈಲಿಗೆಯಿಲ್ಲ ಎಂದು ಯಾವ ಗಂಡಸೂ ಕೇಳಲಿಲ್ಲ. ಕೇಳಿದ್ದರೆ ಕಾಯಿಸುವ ಕೆಲಸ ಅವನ ಪಾಲಿಗೆ ಬರುತ್ತಿತ್ತು.

ಹಾನಗಲ್ಲ ಸೀಮೆಯ ಅಕ್ಕಿಆಲೂರಿನ ಆಚೆ, ಭತ್ತದ ಗದ್ದೆಗಳ ನಡುವಿನ ಸಣ್ಣ ಹಳ್ಳಿ ಅದು. ಹಾಲುಮತದವರ ಓಣಿಯಲ್ಲಿ ಗುಡ್ಡಪ್ಪನ ಮನೆ. ಅಡಿವೆವ್ವ ಗುಡ್ಡಪ್ಪನ ಕೈಹಿಡಿದು ಆ ಮನೆಗೆ ಸೊಸೆಯಾಗಿ ಬಂದಾಗ ಅವಳ ಅತ್ತೆ ಇನ್ನೂ ಮೊಲೆಯೂಡಿಸುತ್ತಿದ್ದಳು. ಕಡೆಯ ಮಗ ಮಾಳಪ್ಪ ಆಗ ಅಂಬೆಗಾಲಿಡುವ ಕೂಸು. ಅಡಿವೆವ್ವನ ಹೊಟ್ಟೆಯಲ್ಲಿ ಮೊದಲ ಕೂಸು ನಿಂತ ವರ್ಷ ಗುಡ್ಡಪ್ಪ ಮಜ್ಜಿಗೆ ಹುಳಿಯಾಯಿತೆಂದು ಒದ್ದ. ಕೂಸು ಹೋಯಿತು, ಮತ್ತೆ ನಿಲ್ಲಲಿಲ್ಲ. ಓಣಿಯವರು ಕೇಳಿದಾಗ ಅತ್ತೆ ಬಾಗಿಲಲ್ಲಿ ನಿಂತು, ಸೊಸೆ ಅಟ್ಟದ ನಿಚ್ಚಣಿಕೆಯಿಂದ ಜಾರಿ ಬಿದ್ದಳೆಂದಳು. ಇಂಥದ್ದಕ್ಕೆ ಮನೆಯ ಹಿರಿ ಹೆಂಗಸು ಹೇಳಿದ ಮಾತೇ ಕಡೆಯ ಮಾತು. ಅವಳು ಜಾರಿದಳು ಎಂದರೆ ಜಾರಿದಂತೆಯೇ. ಆಮೇಲೆ ಪಂಚರೂ ಕೇಳುವುದಿಲ್ಲ, ತವರಿನವರೂ ಕೇಳುವುದಿಲ್ಲ.

ಅತ್ತೆ ಪ್ಲೇಗಿನಲ್ಲಿ ಸತ್ತ ಮೇಲೆ ಮಾಳಪ್ಪನನ್ನು ಸಾಕಿದವಳು ಅಡಿವೆವ್ವ. ಅತ್ತಿಗೆಯನ್ನು ಅವನು ಅವ್ವ ಎಂದೇ ಕರೆದ. ಗುಡ್ಡಪ್ಪ ಹೊಡೆದು ಹೊರಗೆ ಹೋದ ಮೇಲೆ ಆ ಹುಡುಗ ಅವಳ ಹಿಂದೆ ಬಂದು ಕುಪ್ಪಸ ಸರಿಸಿ, ಬಾಸುಂಡೆಗಳ ಮೇಲೆ ಉಫ್ ಉಫ್ ಎಂದು ಊದುತ್ತಿದ್ದ. ಬಿಸಿ ಗಂಜಿಯನ್ನು ಆರಿಸುವ ಹಾಗೆ. ಊದಿದರೆ ನೋವು ಹೋಗುವುದಿಲ್ಲ. ಆದರೂ ಅವಳು ಅವನು ಊದುವ ತನಕ ಏಳುತ್ತಿರಲಿಲ್ಲ.

ಊರಿನ ಡೊಳ್ಳಿನ ಮೇಳಕ್ಕೆ ಗುಡ್ಡಪ್ಪನೇ ಮುಂದಾಳು. ಮೂವತ್ತೈದನೆಯ ಇಸವಿಯ ಸುಮಾರಿಗೆ ಒಂದು ಶ್ರಾವಣ ಸೋಮವಾರ ಹಿರೇಕೆರೂರು ಕಡೆಯ ಮೇಳ ಬಂದು ಇವರನ್ನು ಇವರ ಗುಡಿಯ ಮುಂದೆಯೇ ಸೋಲಿಸಿತು. ಆ ಮೇಳದವರ ಹತ್ತಿರ ಒಂದು ಹೊಸ ವರಸೆ ಇತ್ತು. ಮೂರು ಪೆಟ್ಟು ಬೇಗ ಬೇಗ, ಆಮೇಲೆ ತಡೆ, ತಡೆದು ಒಂದು ಪೆಟ್ಟು. ಆ ತಡೆಯಲ್ಲಿ ಇಡೀ ಮೇಳ ಉಸಿರು ಹಿಡಿದು ನಿಂತು, ಕಡೆಯ ಪೆಟ್ಟು ಎಲ್ಲ ಡೊಳ್ಳುಗಳ ಮೇಲೆ ಒಟ್ಟಿಗೆ ಬೀಳುತ್ತಿತ್ತು. ಗುಡ್ಡಪ್ಪನವರಿಗೆ ಅದು ಬರಲಿಲ್ಲ. ಯಾರೋ ಒಬ್ಬನ ಪೆಟ್ಟು ಮೊದಲೇ ಬಿದ್ದುಬಿಡುತ್ತಿತ್ತು. ಹೆಚ್ಚಾಗಿ ಗುಡ್ಡಪ್ಪನದೇ.

ಊರ ಸಾಹುಕಾರ ಚನ್ನವೀರಪ್ಪ ಮಾಸ್ತರನನ್ನು ಹುಡುಕಿ ತರಲು ಹೇಳಿದ. ಮೊದಲು ಶಿಗ್ಗಾಂವಿಗೆ ಹೋದರು. ಅಲ್ಲಿ ಒಬ್ಬ ಮುದುಕ ಹೊಸಬರನ್ನೂ ಸ್ವಲ್ಪ ಕೈ ಕುದುರಿದವರನ್ನೂ ತನ್ನ ಅಂಗಳದಲ್ಲೇ ಕೂರಿಸಿಕೊಂಡು ಕಲಿಸುತ್ತಿದ್ದ. ಶಿಷ್ಯರು ಚೆನ್ನಾಗಿಯೇ ಬಾರಿಸಿದರು. ಆದರೆ ಹೋದವರು ನೋಡಿದ್ದು ಶಿಷ್ಯರ ಬೆರಳ ಗೆಣ್ಣುಗಳನ್ನು. ಆ ಸೀಮೆಯಲ್ಲಿ ಮಾಸ್ತರನನ್ನು ಅಳೆಯುವ ರೀತಿಯೇ ಅದು. ಗೆಣ್ಣು ಒಡೆದಿದ್ದರೆ ವಿದ್ಯೆ ಇಳಿದಿದೆ ಎಂದು ಅರ್ಥ. ಈ ಹುಡುಗರ ಕೈ ಮದುಮಕ್ಕಳ ಕೈಯಂತೆ ನುಣ್ಣಗಿವೆ, ಈ ಮುದುಕ ಏನು ಕಲಿಸಿಯಾನು ಎಂದು ನಗಾಡುತ್ತ ತಿರುಗಿ ಬಂದರು. ಆಮೇಲೆ ಹಿರೇಕೆರೂರು ಕಡೆಯಿಂದ ಗಿರಿಯಪ್ಪ ಮಾಸ್ತರನನ್ನು ತಂದರು. ಅವನ ಇಬ್ಬರು ಶಿಷ್ಯರಿಗೆ ಕೈ ಪೂರ್ತಿ ಮಡಿಸಲು ಬರುತ್ತಿರಲಿಲ್ಲ. ಅದನ್ನು ನೋಡಿಯೇ ಮಾತು ಮುಗಿಸಿದ್ದರು.

ಮಾಸ್ತರ ಇಳಿದುಕೊಂಡದ್ದು ಗುಡ್ಡಪ್ಪನ ಪಡಸಾಲೆಯಲ್ಲಿ. ಅವನ ಸ್ನಾನಕ್ಕೆ ಬಿಸಿನೀರು, ಮೊದಲ ರೊಟ್ಟಿ, ವಾರಕ್ಕೊಂದು ಕೋಳಿ, ಒಗೆಯಲು ಧೋತರ, ಎಲ್ಲವೂ ಅಡಿವೆವ್ವನ ಬೆಳಗಿನ ಕೆಲಸಕ್ಕೆ ಸೇರಿದವು. ಸಂಜೆ ಗುಡಿಯ ಮುಂದೆ ತಾಲೀಮು. ಗುಡ್ಡಪ್ಪನ ಪೆಟ್ಟು ತಡೆಯುವ ಬದಲು ಮುಂಚೆ ಬಿದ್ದಾಗಲೆಲ್ಲ ಗಿರಿಯಪ್ಪ ಜಾಲಿಕಟ್ಟಿಗೆಯ ಕೋಲಿನಿಂದ ಅವನ ಹೆಗಲಿಗೆ ಬಿಗಿಯುತ್ತಿದ್ದ, ಓಣಿಯ ಹುಡುಗರೆಲ್ಲ ನೋಡುವ ಹಾಗೆ. ಗುಡ್ಡಪ್ಪ ತಲೆ ತಗ್ಗಿಸಿ ಸಹಿಸುತ್ತಿದ್ದ. ಮನೆಗೆ ಬಂದು ಉಪ್ಪು ಹೆಚ್ಚಾಯಿತೆನ್ನುತ್ತಿದ್ದ, ನೀರು ತಣ್ಣಗಿದೆಯೆನ್ನುತ್ತಿದ್ದ. ಆಮೇಲೆ ಅಡಿವೆವ್ವನ ಕೂದಲು ಹಿಡಿದು ಬಗ್ಗಿಸುತ್ತಿದ್ದ. ಸಿಟ್ಟಿನಲ್ಲಿ ಬೀಳುವ ಕೈಗೂ ದಿನದ ಪಾಠ ಮರೆತುಹೋಗುತ್ತಿರಲಿಲ್ಲ. ಮೂರು ಬೇಗ, ಆಮೇಲೆ ಒಂದು. ಆ ಒಂದು ಮಾತ್ರ ಯಾವಾಗಲೂ ಬೇಗನೇ ಬೀಳುತ್ತಿತ್ತು. ತನ್ನ ಗಂಡನಿಗೆ ತಡೆ ಇನ್ನೂ ಬಂದಿಲ್ಲವೆಂದು ಮಾಸ್ತರನಷ್ಟೇ ಅವಳಿಗೂ ಗೊತ್ತಿತ್ತು.

ಬಾವಿಯಲ್ಲಿ ನೀರು ಸೇದುವಾಗ ಪಕ್ಕದ ಮನೆಯ ಕರೆವ್ವ ಅವಳ ಸೆರಗು ಸರಿಸಿ ನೋಡಿ ಹೇಳಿದಳು: "ನಿನ್ನ ಬೆನ್ನ ಓದಿಕೋಂತ ಹೋದ್ರ ನನಗೂ ಡೊಳ್ಳು ಬಂದುಬಿಡ್ತೈತಿ ನೋಡವ್ವ. ನಿನ್ನಿ ಪಾಠ ಸುಮಾರ ಐತಿ."

"ನಿನ್ನ ಗಂಡನ್ನೂ ತಾಲೀಮಿಗೆ ಹಾಕು, ಪೂರಾ ಕಲೀತಿ," ಎಂದಳು ಅಡಿವೆವ್ವ. ಇಬ್ಬರೂ ನಕ್ಕರು. ನಕ್ಕಾಗ ಅಡಿವೆವ್ವನ ಪಕ್ಕೆಲುಬು ಹಿಡಿದುಕೊಂಡಿತು, ಕೊಡ ಕೆಳಗಿಟ್ಟಳು.

ಮಾಳಪ್ಪನಿಗೆ ಮೀಸೆ ಚಿಗುರುವ ವಯಸ್ಸಾದಾಗ ಅವನನ್ನೂ ತಾಲೀಮಿಗೆ ಕೂರಿಸಿದರು. ಒಂದು ಸಂಜೆ ಗಿರಿಯಪ್ಪ ಅವನ ಎಡಗೈಯ ಕಿರುಬೆರಳನ್ನು ಡೊಳ್ಳಿನ ಅಂಚಿಗೆ ಒತ್ತಿ ಹಿಡಿದು ಅದರ ಮೇಲೆ ಕೋಲಿನಿಂದ ಹೊಡೆದ. ಬೆರಳು ಎರಡು ಕಡೆ ಮುರಿಯಿತು. ಗಂಡಸರು, ಈಗ ವಿದ್ಯೆ ಹತ್ತುತ್ತದೆ ಎಂದರು. ಮಾಳಪ್ಪ ಮನೆಗೆ ಬಂದು ಅಳಲಿಲ್ಲ. ಕೊಟ್ಟಿಗೆಗೆ ಹೋಗಿ, ಅಡ್ಡ ಬಂದ ಕರುವಿನ ಮೂತಿಗೆ ಬಲಗೈಯಿಂದ ಗುದ್ದಿದ. ಬೆರಳಿಗೆ ಕಟ್ಟಲು ಬಟ್ಟೆ ಹರಿಯುತ್ತಿದ್ದ ಅಡಿವೆವ್ವ ಅದನ್ನು ನೋಡಿದಳು. ತನ್ನ ಬೆನ್ನ ಮೇಲೆ ಊದುತ್ತಿದ್ದ ಹುಡುಗ ಅವನು. ಮಾಸ್ತರ ಗಂಡನಿಗೆ ಹೊಡೆಯುತ್ತಾನೆ, ಗಂಡ ನನಗೆ ಹೊಡೆಯುತ್ತಾನೆ, ನಾಳೆ ಈ ಹುಡುಗನ ಕೈಗೆ ಯಾವ ಹೆಂಗಸು ಸಿಗುತ್ತಾಳೋ ಎಂದು ಅವಳಿಗೆ ಮೊದಲ ಸಲ ಹೆದರಿಕೆಯಾಯಿತು. ಹೊಡೆತವನ್ನು ಕಲಿಸುವುದೇ ಹೊಡೆತ ಎಂದು ಅವಳು ಲೆಕ್ಕ ಹಾಕಿದಳು. ಹೊಡೆಯದ ಮಾಸ್ತರ ಸಿಕ್ಕರೆ ಅದು ಈ ಹುಡುಗನಲ್ಲಿಗೆ ನಿಲ್ಲುತ್ತದೆ.

ಅಲ್ಲಿಂದ ಮುಂದೆ ಅವಳು ಹೋದಲ್ಲೆಲ್ಲ ಮಾಸ್ತರನನ್ನು ಹುಡುಕಿದಳು. ಅಕ್ಕಿ ಗಿರಣಿಯ ಸಾಲಿನಲ್ಲಿ ಕೇಳಿದಳು, ಮದುವೆಮನೆಯ ಅಡುಗೆ ಒಲೆಯ ಮುಂದೆ ಕೇಳಿದಳು. ಹೆಣ್ಣೊಬ್ಬಳು ಡೊಳ್ಳಿನ ಮಾಸ್ತರನನ್ನು ಕೇಳುವುದು ನಗೆಯ ಮಾತಾಗಿತ್ತು. ಗಿರಿಯಪ್ಪ ಎರಡು ವರ್ಷವಿದ್ದು, ಹಿರೇಕೆರೂರಿನ ಮೇಳ ಕರೆದದ್ದಕ್ಕೆ ಹೊರಟುಹೋದ. ಇವರು ಮತ್ತೆ ಸೋತರು.

ಡೊಳ್ಳಿನ ಚರ್ಮ ಹರಿದಾಗ ಅಕ್ಕಿಆಲೂರಿನ ಸಂತೆಗೆ ಒಯ್ದು ಹೊಸದು ಮುಚ್ಚಿಸಬೇಕು. ಹೊತ್ತೊಯ್ಯುವವಳು ಅಡಿವೆವ್ವ. ಸಂತೆಯಲ್ಲಿ ಚರ್ಮ ಮುಚ್ಚುತ್ತಿದ್ದವನು ಸವಣೂರಿನ ಮೆಹಬೂಬ, ಬಾಯಲ್ಲಿ ಸದಾ ಎಲೆಯಡಿಕೆ ಇರುವ ಸಣಕಲು ಮನುಷ್ಯ. ಹಗ್ಗ ಬಿಗಿದು, ಮೆಲ್ಲಗೆ ಬೆರಳಾಡಿಸಿ ನೋಡುತ್ತ ಅವನು ಬಾರಿಸಿದ್ದು ಅದೇ ವರಸೆ. ಮೂರು, ತಡೆ, ಒಂದು. ಕಡೆಯ ಪೆಟ್ಟು ಎಲ್ಲಿ ಬೀಳಬೇಕೋ ಅಲ್ಲೇ ಬಿತ್ತು. ಅಡಿವೆವ್ವ ಅವನ ಗೆಣ್ಣುಗಳನ್ನು ನೋಡಿದಳು. ಒಂದು ಗಾಯವೂ ಇರಲಿಲ್ಲ. ಯಾರಿಂದ ಕಲಿತೆ ಎಂದು ಕೇಳಿದಳು.

ಅವನು ತಲೆಯನ್ನು ಇನ್ನೊಂದು ಬದಿಗೆ ತಿರುಗಿಸಿ, "ಈ ಕಡೆ ಹೇಳ್ರಿ ಯವ್ವಾ. ಆ ಕಿವಿ ನನ್ನ ಉಸ್ತಾದ ತಗೊಂಡಾನ," ಎಂದ. ಉಸ್ತಾದನ ಒಂದು ಏಟಿಗೆ ಎಡಗಿವಿ ಹೋಗಿತ್ತು. ಆಮೇಲೆ ಉಳಿದ ಒಂದು ಕಿವಿಯಲ್ಲಿ ತಾನೇ ಕಲಿತಿದ್ದ. ತನ್ನ ಹತ್ತಿರ ಬಂದವರಿಗೆ ಕೈಯೆತ್ತುವುದಿಲ್ಲ, ಅದಕ್ಕೇ ಯಾರೂ ಬರುವುದಿಲ್ಲ ಎಂದು ನಕ್ಕ.

ಗುಡ್ಡಪ್ಪನಿಗೆ ಹೇಳಿದಾಗ, ಸಂತೆಯಲ್ಲಿ ಪರಗಂಡಸಿನ ಹತ್ತಿರ ನಿಂತು ಮಾತಾಡಿದ್ದಕ್ಕೆ ಅವಳ ತುಟಿ ಹರಿಯಿತು. ಅವಳು ಮತ್ತೆ ಹೇಳಿದಳು. ಮತ್ತೆ ಹೊಡೆತ ಬಿತ್ತು. ಕೂಲಿ ಕೊಡುವುದು ಬೇಡ, ನಾನೇ ಉಣ್ಣೆ ನೂತು ಅವನಿಗೆ ಕಂಬಳಿ ಮಾಡಿಸಿ ಕೊಡುತ್ತೇನೆ ಎಂದ ಮೇಲೆ ಗುಡ್ಡಪ್ಪ ಸುಮ್ಮನಾದ. ಪುಕ್ಕಟೆ ಮಾಸ್ತರ ಯಾರಿಗೆ ಬೇಡ? ಹೀಗೆ ಮಾಳಪ್ಪನಿಗೆಂದೇ ಒಬ್ಬ ಮಾಸ್ತರ ಬಂದ. ನವಾಬರ ಸವಣೂರಿನಿಂದ ತಿಂಗಳಿಗೆ ಕೆಲವು ದಿನ ಬಂದು ಕಣದ ಗುಡಿಸಲಲ್ಲಿ ಇಳಿದುಕೊಳ್ಳುತ್ತಿದ್ದ. ಅಡಿವೆವ್ವ ತನ್ನ ಏಳುವ ಹೊತ್ತನ್ನು ಇನ್ನೂ ಹಿಂದಕ್ಕೆ ತಳ್ಳಿದಳು. ಕತ್ತಲಲ್ಲೂ ಕದಿರು ತಿರುಗಿಸಬಹುದು, ಉಣ್ಣೆಗೆ ಬೆಳಕು ಬೇಕಿಲ್ಲ.

ಮೆಹಬೂಬನ ಪಾಠ ಬಾಯಿಯದು. ಮೂರು ಪೆಟ್ಟು ಹಾಕು, ಬಾಯಲ್ಲಿನ ಉಗುಳು ನುಂಗು, ನುಂಗಿದ ಮೇಲೆ ನಾಲ್ಕನೆಯದು. ನುಂಗುವುದರೊಳಗೆ ಕೈ ಮುಂದೆ ಹೋದರೆ, "ಊಟದ ಅವಸರ ಐತೇನೋ?" ಎಂದು ಚಾಷ್ಟಿ ಮಾಡಿ ಮೊದಲಿನಿಂದ ಶುರು ಮಾಡಿಸುತ್ತಿದ್ದ. ಓಣಿಯ ಗಂಡಸರು ಅವನನ್ನು ಉಗುಳು ಮಾಸ್ತರ ಎಂದರು. ಅಡಿವೆವ್ವ ಅಂಗಳದಲ್ಲಿ ಭತ್ತ ಕುಟ್ಟುತ್ತ ಕೇಳಿಸಿಕೊಳ್ಳುತ್ತಿದ್ದಳು. ಅವಳ ಗಂಟಲು ತಾನಾಗಿ ನುಂಗುತ್ತಿತ್ತು, ಒನಕೆ ಆಮೇಲೆ ಇಳಿಯುತ್ತಿತ್ತು. ಒಂದು ದಿನ ಮಾಳಪ್ಪನ ಕೈ ತಡೆಯಿತು. ಮರುದಿನವೂ ತಡೆಯಿತು. ಮುರಿದ ಕಿರುಬೆರಳು ಹೊರಕ್ಕೆ ಸೆಟೆದುಕೊಂಡೇ ಇದ್ದರೂ ಅವನಷ್ಟು ನಿಚ್ಚಳವಾಗಿ ಬಾರಿಸುವವರು ಸುತ್ತಲಿನ ಹಳ್ಳಿಗಳಲ್ಲಿ ಇರಲಿಲ್ಲ.

ತಡಸದಿಂದ ಯಂಕವ್ವ ಎಂಬ ಹುಡುಗಿಯನ್ನು ಅವನಿಗೆ ತಂದುಕೊಂಡರು. ಅಡಿವೆವ್ವನೇ ಹೋಗಿ ನೋಡಿ, ಹುಡುಗ ಕೈಯೆತ್ತುವವನಲ್ಲ ಎಂದು ಅವಳ ತಾಯಿಗೆ ಮಾತು ಕೊಟ್ಟು ಬಂದಿದ್ದಳು. ಯಂಕವ್ವ ಅಕ್ಕಾ ಅಕ್ಕಾ ಎಂದು ಹಿಂದೆ ತಿರುಗುತ್ತ, ಬೆಳಗಿನ ಕೆಲಸದಲ್ಲಿ ಅರ್ಧವನ್ನು ತಾನೇ ಎತ್ತಿಕೊಂಡಳು. ಡೊಳ್ಳು ಕಾಯಿಸುವುದು ಆ ಅರ್ಧದಲ್ಲಿ ಸೇರಿತು. ಅವಳ ಅಂಗೈಯಲ್ಲಿ ಇನ್ನೂ ಗೆರೆಗಳಿದ್ದವು.

ಲಡಾಯಿಯ ಕಾಲ. ಸೀಮೆಎಣ್ಣೆ ಇಲ್ಲ, ಅರಿವೆ ಇಲ್ಲ. ಆದರೂ ಆ ಶ್ರಾವಣದಲ್ಲಿ ಹಿರೇಕೆರೂರಿನಿಂದ ಪಂಥದ ಕರೆ ಬಂತು. ಗಿರಿಯಪ್ಪನ ಮೇಳಕ್ಕೆ ಎದುರಾಗಿ ಬಾರಿಸಬೇಕು. ಇಡೀ ಊರು ಮಾಳಪ್ಪನ ಕೈಯ ಮೇಲೆ ನಿಂತಿತು. ಮೆಹಬೂಬನೂ ಬಂದು ಗುಡಿಸಲಲ್ಲಿ ಉಳಿದ.

ಹೊರಡುವ ಹಿಂದಿನ ದಿನ, ಹೊತ್ತು ಏರಿದ ಮೇಲೆ, ಅಡಿವೆವ್ವ ಅಂಗಳದಲ್ಲಿ ದಾರಿಬುತ್ತಿಗೆ ಭತ್ತ ಕುಟ್ಟುತ್ತಿದ್ದಳು. ಒಳಗೆ ಯಂಕವ್ವ ಹಂಚಿನ ಮೇಲಿನ ರೊಟ್ಟಿ ತಿರುವುತ್ತ, ಇನ್ನೊಂದು ಕೈಯಲ್ಲಿ ಡೊಳ್ಳನ್ನು ಕೆಂಡಕ್ಕೆ ಹಿಡಿದಿದ್ದಳು. ಆಗ ಒಳಗಿನಿಂದ ಸದ್ದು ಬಂತು. ಮೂರು ಬೇಗ. ತಡೆ. ಒಂದು.

ಕಡೆಯದು ಸರಿಯಾದ ಜಾಗದಲ್ಲಿ ಬಿತ್ತು. ಅಡಿವೆವ್ವನ ಒನಕೆ ಮೇಲೆತ್ತಿದ ಕೈಯಲ್ಲೇ ನಿಂತಿತ್ತು, ಗಂಟಲು ನುಂಗಿ ಮುಗಿಸಿತ್ತು. ಅಬ್ಬಾ ಎಷ್ಟು ಚೆನ್ನಾಗಿ ತಡೆದ ಎಂದು ಅವಳ ಮನಸ್ಸು ಹಿಗ್ಗಿತು. ಆಮೇಲೆ ಗೊತ್ತಾಯಿತು, ಅದು ಡೊಳ್ಳಿನ ದನಿಯಲ್ಲ.

ಯಂಕವ್ವ ಒಲೆಯ ಪಕ್ಕ ಬಿದ್ದಿದ್ದಳು. ಕಿವಿಯಿಂದ ನೆತ್ತರು ಇಳಿದು ಕುಪ್ಪಸ ನೆನೆಯುತ್ತಿತ್ತು. ಬಲ ಮುಂಗೈ ಸೊಟ್ಟಗೆ ತಿರುಗಿತ್ತು, ಕಡೆಯ ಪೆಟ್ಟನ್ನು ಅದರಿಂದಲೇ ತಡೆಯಲು ಹೋಗಿದ್ದಳು. ಹಂಚಿನ ಮೇಲೆ ರೊಟ್ಟಿ ಹೊತ್ತಿ ಹೊಗೆಯಾಡುತ್ತಿತ್ತು. ಡೊಳ್ಳಿನ ಚರ್ಮ ಹರಿದಿರಲಿಲ್ಲ, ಬೊಗಸೆಯಗಲ ಕಂದಿತ್ತು, ಅಷ್ಟೆ. ಮಾಳಪ್ಪ ಕೋಲು ಹಿಡಿದು ನಿಂತಿದ್ದ. ಅವನ ಮುಖ ಕೆಂಪೇರಿರಲಿಲ್ಲ, ಉಸಿರೂ ಏರಿರಲಿಲ್ಲ.

"ಯಾಕ ಹೊಡದಿ?"

"ಚರ್ಮ ಕಂದಿಸ್ಯಾಳವ್ವ."

"ಕಂದಿದ್ರ ನಾಳೆ ಬಾರಸಾಕ ಬರೂದಿಲ್ಲೇನು?"

"ಬರ್ತೈತಿ. ಆದ್ರ ಆಕಿಗೆ ತಿಳೀಬೇಕಲ್ಲ. ಅಣ್ಣನಂಗ ಸಿಟ್ಟಿಗೆದ್ದು ಹೊಡದಿಲ್ಲ ನಾನು. ನಾಕ ಪೆಟ್ಟು, ಅಷ್ಟ." ಕೋಲನ್ನು ಗೂಡಿಗೆ ಸಿಕ್ಕಿಸಿ ಬಂದು, ಚಿಕ್ಕಂದಿನಲ್ಲಿ ಕೂರುತ್ತಿದ್ದ ಹಾಗೆ ಅವಳ ಪಕ್ಕ ಕೂತ. "ಯಾರರೆ ಕೇಳಿದ್ರ ಬಾವಿ ಮೆಟ್ಟಲದಾಗ ಜಾರಿ ಬಿದ್ಲು ಅಂತ ಹೇಳವ್ವ. ನೀ ಹೇಳಿದ್ರ ಮುಗೀತು."

ಅಡಿವೆವ್ವ ಅವನ ಪಕ್ಕದಿಂದ ಎದ್ದಳು. ಬಿದಿರಿನ ದಬ್ಬೆ ಸೀಳಿ ಯಂಕವ್ವನ ಕೈಗೆ ಕಟ್ಟಿದಳು. ಕಟ್ಟುವಾಗ ಆ ಹುಡುಗಿ ಹಲ್ಲು ಕಚ್ಚಿ, ಇರಲಿ ಬಿಡಕ್ಕಾ, ತಪ್ಪು ನಂದೇ, ಎರಡೂ ಕೆಲಸ ಒಟ್ಟಿಗೆ ಹಿಡಿಯಬಾರದಿತ್ತು ಎಂದು ಗೊಣಗಿದಳು. ನೆಲದ ನೆತ್ತರಿಗೆ ಸೆಗಣಿ ಸಾರಿಸಿದ ಮೇಲೆ ಉಳಿದ ಭತ್ತವನ್ನೂ ಕುಟ್ಟಲೇಬೇಕಿತ್ತು.

ಸಂಜೆ ಊಟ ಒಯ್ದು ಗುಡಿಸಲಿನ ಮುಂದೆ ಇಟ್ಟಾಗ ಮೆಹಬೂಬ ತಟ್ಟೆ ಮುಟ್ಟಲಿಲ್ಲ. ಅವನ ಒಂದು ಕಿವಿಗೆ ಅಷ್ಟು ದೂರದಿಂದಲೂ ಆ ಸದ್ದು ಮುಟ್ಟಿತ್ತು. "ನಾ ತಡಿಯೂದು ಕಲಿಸಿದ್ನಿ ಯವ್ವಾ," ಎಂದ. "ಯಾರ ಮ್ಯಾಲ ಕೈ ಎತ್ತಬಾರದು ಅನ್ನೂದು ನನ್ನ ಪಾಠದಾಗ ಇದ್ದಿದ್ದಿಲ್ಲ."

"ಹೌದು, ಅದೂ ನನ್ನ ಪಾಲಿನ ಕೆಲಸ ಆಗಿರಬೇಕು," ಎಂದಳು ಅಡಿವೆವ್ವ. "ನಾ ಸಾಕಿದವಳು, ನೀವು ಕಲಿಸಿದವರು. ಹೊಡದಾವ ಮಾತ್ರ ಅಂವ."

ಅವಳನ್ನು ಕೊರೆಯುತ್ತಿದ್ದದ್ದು ಆ ತಡೆ. ಗುಡ್ಡಪ್ಪನ ನಾಲ್ಕನೆಯ ಪೆಟ್ಟಿಗೆ ತಡೆಯೇ ಇರಲಿಲ್ಲ. ಮಾಳಪ್ಪನಿಗೆ ಉಗುಳು ನುಂಗುವಷ್ಟು ಹೊತ್ತಿತ್ತು. ಮೂರು ಪೆಟ್ಟು ತಿಂದು ಕೈ ಅಡ್ಡ ಹಿಡಿದ ಹುಡುಗಿ ಅವನ ಕಣ್ಣ ಮುಂದೆಯೇ ಇದ್ದಳು. ಕೋಲು ಇಳಿಸಬಹುದಿತ್ತು. ಅವನು ನುಂಗಿದ, ಆಮೇಲೆ ಹೊಡೆದ. ಅಷ್ಟು ವರ್ಷ ತಾನು ಹುಡುಕಿದ್ದು ಮಾಸ್ತರನನ್ನು. ಹೊಡೆತ ಮಾಸ್ತರನಿಂದ ಬರುವುದಾಗಿದ್ದರೆ ಮೆಹಬೂಬನ ಶಿಷ್ಯನಿಗೆ ಅದು ಬರಬಾರದಿತ್ತು. ಹೊಡೆಯಬಹುದು ಎಂದು ಈ ಮನೆಯೇ ಅವನಿಗೆ ಹೇಳಿತ್ತು, ಜಾರಿ ಬಿದ್ದಳು ಎಂದು ಬಾಗಿಲಲ್ಲಿ ನಿಂತು ಹೇಳುವ ಬಾಯಿ ಇರುವ ತನಕ ಹೇಳುತ್ತಲೇ ಇರುತ್ತದೆ. ಆ ಬಾಯಿ ಈಗ ತನ್ನದು.

ಮರುದಿನ ಕೋಳಿ ಕೂಗುವ ಮುಂಚೆ ಅಡಿವೆವ್ವ ಎದ್ದಳು. ಒಲೆಯ ಮುಂದೆ ಕೂತು ಬೂದಿ ಸರಿಸಿದಳು. ಕೆಂಡ ಜೀವ ಹಿಡಿದಿತ್ತು. ಹೊರಗೆ ಜಿಟಿಜಿಟಿ ಮಳೆ, ಗೋಡೆಯ ಮೇಲೆ ಡೊಳ್ಳು ತಂಡಿ ಕುಡಿದು ಸಡಿಲಾಗಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಗಂಡಸರು ಏಳುತ್ತಾರೆ. ಕಾಯಿಸಿದ ಡೊಳ್ಳು ಹೊತ್ತು ಗಾಡಿ ಏರುತ್ತಾರೆ. ಗೆದ್ದು ಬರುತ್ತಾರೆ. ಅವಳು ಮಾಡಬೇಕಾದದ್ದು ಒಂದೇ ಮಾತು ಹೇಳುವುದು, ಆಮೇಲೆ ಎಲ್ಲ ಮೊದಲಿನಂತೆ. ಮಾಳಪ್ಪ ಅವ್ವ ಎಂದು ಕರೆಯುತ್ತಲೇ ಇರುತ್ತಾನೆ. ಬೇರೆ ಯಾರೂ ಅವಳನ್ನು ಹಾಗೆ ಕರೆಯುವವರಿಲ್ಲ. ಈ ಹೊಸ್ತಿಲು ದಾಟಿದರೆ ತಿರುಗಿ ಬರಲು ಗುಡ್ಡಪ್ಪ ಬಿಡುವುದಿಲ್ಲ, ತವರಿನಲ್ಲಿ ಯಾರೂ ಉಳಿದಿಲ್ಲ. ತಡಸದಲ್ಲಿ ಯಂಕವ್ವನ ತಾಯಿ ಕೇಳುವ ಮೊದಲ ಪ್ರಶ್ನೆ ಏನೆಂದೂ ಅವಳಿಗೆ ಗೊತ್ತಿತ್ತು.

ನೀರಿನ ಕೊಡ ಎತ್ತಿ ಒಲೆಗೆ ಸುರಿದಳು. ಅವಳು ಆ ಮನೆಗೆ ಬಂದಾಗಿನಿಂದ ಒಂದು ದಿನವೂ ಆರದ ಒಲೆ ಅದು. ಚೊರ್ರೆಂದು ಬೂದಿ ಮೇಲೆದ್ದು ಮುಖಕ್ಕೆ ಬಡಿಯಿತು.

"ಏನದು?" ಎಂದ ಗುಡ್ಡಪ್ಪ ಪಡಸಾಲೆಯಿಂದ, ನಿದ್ದೆಗಣ್ಣಿನಲ್ಲೇ.

"ಹಾಲು ಉಕ್ಕಿತ್ರಿ," ಎಂದಳು. "ಮಲಕೊಳ್ರಿ."

ಅವನು ಮಗ್ಗುಲಾಗುವ ತನಕ ಕಾದಳು. ಯಂಕವ್ವನನ್ನು ತಟ್ಟಿ ಎಬ್ಬಿಸಿ, ಕಟ್ಟಿದ ಕೈಯನ್ನು ತನ್ನ ಸೆರಗಿನೊಳಗೆ ಹಿಡಿದುಕೊಂಡು ಹಿತ್ತಲ ಬಾಗಿಲಿನಿಂದ ಹೊರಬಿದ್ದಳು. ಅಕ್ಕಿಆಲೂರಿನಿಂದ ತಡಸದ ಕಡೆ ಹೊರಡುವ, ಇದ್ದಲಿಯ ಹೊಗೆಯಲ್ಲಿ ಓಡುವ ಮೋಟಾರು ಬೆಳಕು ಹರಿಯುವ ಹೊತ್ತಿಗೆ ಹೊಗೆ ಹಾಕುತ್ತದೆ. ಕೆಸರಿನ ದಾರಿ, ಇಬ್ಬರೂ ಜಾರದಂತೆ ಹೆಜ್ಜೆ ಊರುತ್ತ ನಡೆದರು. ತಡಸದಲ್ಲಿ ಹೇಳಬೇಕಾದ ಮಾತನ್ನು ಅಡಿವೆವ್ವ ಬಾಯಲ್ಲಿ ಮೆಲ್ಲಗೆ ಆಡಿಕೊಂಡಳು: "ಆಕಿ ಜಾರಿ ಬಿದ್ದಿಲ್ಲ."